ಜಗಲಿಯ ಮೇಲೆ ದೇವರು, ಕಟ್ಟೆಯ ಮೇಲೆ ಅಕ್ಕ

ನನ್ನ ಅಕ್ಕ ನನ್ನ ಮನೆಯಲ್ಲಿ ಉಣ್ಣುವುದನ್ನು ಬಿಟ್ಟಿದ್ದು ಒಂದು ಬಂಗಾರದ ಕರುವಿನ ದೆಸೆಯಿಂದ. ಆ ಕರುವನ್ನು ನಾವಿಬ್ಬರೂ ಕಂಡವರಲ್ಲ. ಎಷ್ಟೋ ಕಾಲದ ಹಿಂದೆ ಎಲ್ಲೋ ಮರಳುಗಾಡಿನಲ್ಲಿ ಯಾರೋ ಎರಕ ಹೊಯ್ದ ಕರು ಅದು. ಗಂಗಾವತಿ ಕಡೆಯ ಸಿದ್ದಾಪುರದ ಹತ್ತಿರದ ನಮ್ಮ ಊರಿನ ತನಕ ನಡೆದು ಬಂದು ಅಕ್ಕ-ತಂಗಿಯ ತಾಟಿನ ನಡುವೆ ಅಡ್ಡ ಮಲಗಿತು.

ನಾವಿಬ್ಬರೂ ಕುಷ್ಟಗಿ ಕಡೆಯ ಒಣಭೂಮಿಯಲ್ಲಿ ಹುಟ್ಟಿದವರು. ಕಾಲುವೆ ನೀರಿನ ಈ ಸೀಮೆಗೆ, ಒಂದೇ ಊರಿನ ಬೇರೆ ಬೇರೆ ಮನೆಗೆ ಮದುವೆಯಾಗಿ ಬಂದೆವು. ಅವಳದು ಮೇಲಿನ ಓಣಿ, ನನ್ನದು ಕೆಳಗಿನ ಓಣಿ. ಇಬ್ಬರ ಗಂಡಂದಿರೂ ಹೋದರು. ಅಳುವಷ್ಟು ಅತ್ತು ನೆಲ್ಲಿನ ಗದ್ದೆಗೆ ನಾಟಿ ಹಚ್ಚಲು ಹೋದೆವು. ಅಮಾವಾಸ್ಯೆಯ ದಿನ ಎತ್ತಿಗೆ ನೊಗ ಇಡುವುದಿಲ್ಲ, ನಾವೂ ಕೆಸರಿಗೆ ಇಳಿಯುವುದಿಲ್ಲ. ಅವತ್ತು ಮಧ್ಯಾಹ್ನ ಅಕ್ಕ ನನ್ನ ಮನೆಗೆ ಉಣ್ಣಲು ಬರಬೇಕು. ಅದು ನಮ್ಮ ವಾಡಿಕೆ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಇಬ್ಬರೂ ನಮ್ಮ ನಮ್ಮ ಸೊಸೆಯಂದಿರನ್ನು ಬೈಯುತ್ತಿದ್ದೆವು. ನನ್ನ ಸೊಸೆ ಒಳಗಿನಿಂದ ಕೇಳುತ್ತಿದ್ದಳು. ಕೇಳಲಿ ಎಂದೇ ಬೈಯುತ್ತಿದ್ದುದು.

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ ಅಕ್ಕನ ಬೆನ್ನು ಹಿಡಿದುಕೊಂಡಿತು. ಗಂಗಾವತಿಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬಂದಳು, ಬಿಡಲಿಲ್ಲ. ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ಇಲ್ಲಿ ಹೊಲ ಮಾಡಿದವರ ವಸತಿಗೆ ನಾವು ಕ್ಯಾಂಪು ಅನ್ನುತ್ತೇವೆ. ಅಂಥ ಒಂದು ಕ್ಯಾಂಪಿನಲ್ಲಿ ತಗಡಿನ ಶೆಡ್ಡಿನ ಪ್ರಾರ್ಥನಾ ಮನೆ ಇತ್ತು. ಯಾರೋ ಕರೆದರೆಂದು ಅಕ್ಕ ಹೋದಳು. ಪಾಸ್ಟರು ಬೆನ್ನಿನ ಸಲುವಾಗಿ ಪ್ರಾರ್ಥನೆ ಮಾಡಿದರು. ಬೆನ್ನು ಬಿಟ್ಟಿತು. ನಾಟಿಯ ಕಾಲ ಮುಗಿದು ನೀನು ತಿಂಗಳೊಪ್ಪತ್ತು ಹಾಸಿಗೆಯಲ್ಲಿ ಬಿದ್ದುಕೊಂಡಿದ್ದಕ್ಕೆ ಬಿಟ್ಟಿತು ಎಂದು ನಾನು ಹೇಳಿದೆ. ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಯೇಸುಸ್ವಾಮಿಯನ್ನು ನಂಬಿದೆ ಎಂದು ಹೇಳಿಕಳಿಸಿದಳು. ನಂಬಲಿ. ನನಗೇನು.

ಒಂದು ಭಾನುವಾರ ನನ್ನನ್ನೂ ಎಳೆದುಕೊಂಡು ಹೋದಳು. ನಮ್ಮ ನಾಟಿ ಗುಂಪಿನ ಹೆಂಗಸರು ಕೆಲವರು ತಾಡಪತ್ರಿಯ ಮೇಲೆ ಕುಳಿತಿದ್ದರು. ಅವತ್ತು ಪಾಸ್ಟರು ಹೇಳಿದ್ದೇ ಕರುವಿನ ಕಥೆ. ಯಾವುದೋ ರಾಜನ ಹತ್ತಿರ ಜೀತಕ್ಕಿದ್ದ ಜನ. ಅವರ ಹಿರಿಯ ಅವರನ್ನು ಬಿಡಿಸಿಕೊಂಡು ಮರಳುಗಾಡಿಗೆ ಕರೆತಂದ. ದೇವರ ಮಾತು ಕೇಳಿ ಬರುತ್ತೇನೆಂದು ಗುಡ್ಡ ಹತ್ತಿದವನು ಬೇಗ ಇಳಿಯಲಿಲ್ಲ. ಜನಕ್ಕೆ ತಾಳ್ಮೆ ಕೆಟ್ಟಿತು. ಕಿವಿಯ ಬಂಗಾರ ಬಿಚ್ಚಿಕೊಟ್ಟರು, ಅದನ್ನು ಕರಗಿಸಿ ಕರು ಮಾಡಿಸಿ, ಇದೇ ನಮ್ಮ ದೇವರು ಎಂದು ಸುತ್ತಲೂ ಕುಣಿದರು. ಹಿರಿಯ ಇಳಿದು ಬಂದು ನೋಡಿ ಸಿಟ್ಟಿಗೆದ್ದ. ಕರುವನ್ನು ಸುಟ್ಟು, ಅರೆದು, ಪುಡಿಯನ್ನು ನೀರಿಗೆ ಹಾಕಿ ಅವರಿಗೇ ಕುಡಿಸಿದ.

ನಮ್ಮ ನಾಟಿ ಗುಂಪಿನ ಯಜಮಾನಿ ನನ್ನ ಪಕ್ಕದಲ್ಲೇ ಇದ್ದಳು. ಕೈ ಎತ್ತಿದಳು.

"ಒಂದೇ ಮಾಡಿದ್ರೇನ್ರಿ?"

"ಏನಮ್ಮಾ?"

"ಕರಾ ರೀ. ಒಂದೇ ಮಾಡಿದ್ರೋ, ಜೋಡಿ ಮಾಡಿದ್ರೋ?"

"ಒಂದೇ," ಎಂದರು ಪಾಸ್ಟರು.

"ಅದಕ್ಕ ನೋಡ್ರಿ ಸಿಟ್ಟು ಬಂದದ್ದು. ಒಂಟಿ ಎತ್ತು ಪೂಜಿ ಮಾಡಬಾರ್ದು. ಒಕ್ಕಲುತನ ಕೆಡತೈತಿ."

ಹೆಂಗಸರೆಲ್ಲ ತಲೆಯಾಡಿಸಿದರು. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎರೆ ಮಣ್ಣು ತಂದು ಎರಡು ಎತ್ತು ಮಾಡಿ, ಗುಲಗಂಜಿಯ ಕಣ್ಣು ಇಟ್ಟು, ಮುಂದೆ ಮೇವು ಹಾಕಲು ಒಂದು ಮಣ್ಣಿನ ಗ್ವಾದಲಿ ಮಾಡಿ, ಹೋಳಿಗೆ ಎಡೆ ಹಿಡಿದು, ಆಮೇಲೆ ಕಾಲುವೆಗೆ ಬಿಟ್ಟುಬಿಡುತ್ತೇವೆ. ಹೀಗಾಗಿ ಆ ಮರಳುಗಾಡಿನ ಮಂದಿ ಯಾವ ತಪ್ಪು ಮಾಡಿದರೆಂಬುದು ನಮಗೆಲ್ಲ ಕೂಡಲೇ ತಿಳಿಯಿತು. ಕುಣಿದದ್ದು ತಪ್ಪಲ್ಲ. ಜೋಡಿ ಬಿಟ್ಟು ಒಂದೇ ಮಾಡಿದ್ದು ತಪ್ಪು.

"ಅಷ್ಟು ಬಂಗಾರ ಯಾಕ ಹಾಳು ಮಾಡಬೇಕಿತ್ರಿ? ಎರಿ ಮಣ್ಣು ಇರಲಿಲ್ಲೇನು ಅಲ್ಲಿ?" ಎಂದು ನಾನೂ ಕೇಳಿದೆ.

"ಮರಳುಗಾಡಮ್ಮಾ ಅದು."

"ಹಂಗಾದ್ರ ಪಾಪ, ಅವರಾದ್ರೂ ಏನ್ ಮಾಡ್ಯಾರು."

"ಮತ್ತ ಬಂಗಾರದ ನೀರು ಕುಡಿಸಿದ್ದು ಶಿಕ್ಷಾ ಹೆಂಗಾತ್ರಿ?" ಎಂದಳು ಯಜಮಾನಿ. "ಬಂಗಾರದ ಭಸ್ಮ ತಿಂದ್ರ ಮೈಗೆ ಭಾಳ ಛಲೋ ಅಂತಾರ. ಸಾವಕಾರ ಮಂದಿ ತಿಂತಾರ."

ಪಾಸ್ಟರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ನಗುತ್ತಿದ್ದರೋ ಬೆವರುತ್ತಿದ್ದರೋ ಗೊತ್ತಾಗಲಿಲ್ಲ. ತಲೆಯಾಡಿಸದೆ ಕೂತವಳು ನನ್ನ ಅಕ್ಕ ಒಬ್ಬಳೇ.

ಮರುದಿನ ಮುಂಜಾನೆ ಅವಳು ಬುಟ್ಟಿಯೊಂದನ್ನು ಹಳೆ ಸೀರೆಯಿಂದ ಮುಚ್ಚಿಕೊಂಡು ನನ್ನ ಮನೆಗೆ ಬಂದಳು. ಬಿಚ್ಚಿದರೆ ಅವಳ ಜಗಲಿಯೇ ಅಲ್ಲಿತ್ತು. ನಮ್ಮ ಕಡೆ ಜಗಲಿ ಎಂದರೆ ಮನೆಯೊಳಗೆ ದೇವರನ್ನು ಕೂಡಿಸುವ ಜಾಗ. ಮನೆದೇವರ ಬೆಳ್ಳಿ ಮುಖ, ಹಿತ್ತಾಳೆಯ ಬಸವಣ್ಣ, ತಾಮ್ರದ ತಂಬಿಗೆ, ಗಂಟೆ ಎಲ್ಲವೂ ಬುಟ್ಟಿಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು.

"ಇವನ್ನ ನಿನ್ನಲ್ಲೇ ಇಟಗೋ."

"ಕಾಲುವಿಗೆ ಒಗಿತೀನಿ ಅಂತ ಓಣಿ ತುಂಬ ಹೇಳಿದೆಂತಲ್ಲ?"

"ಬೆಳ್ಳಿ ಐತಿ."

"ಮಾರು ಮತ್ತ."

"ಅತ್ತಿ ಕೊಟ್ಟದ್ದು ಬೇ. ಹೆಂಗ ಮಾರಲಿ."

"ನನ್ನ ಮನ್ಯಾಗ ಇಟ್ರ ನನಗ ಪಾಪ ಹತ್ತಂಗಿಲ್ಲೇನು?"

"ನೀ ಹೆಂಗೂ ಅದರಾಗ ಮುಳುಗಿದಾಕಿ," ಎಂದಳು ಅಕ್ಕ. "ಇನ್ನೊಂದೀಟು ಹೆಚ್ಚಾದ್ರ ನಿನಗೇನು ಭಾರ ಆಗತೈತಿ?"

ಇಟ್ಟುಕೊಂಡೆ. ನನ್ನ ಜಗಲಿ ಸಣ್ಣದು. ಎರಡು ಮನೆಯ ದೇವರುಗಳು ಬಸ್ಸಿನಲ್ಲಿ ಕುಳಿತಂತೆ ಒತ್ತಿಕೊಂಡು ಕುಳಿತರು.

ಮುಂದಿನ ಅಮಾವಾಸ್ಯೆಗೆ ಅಕ್ಕ ಬಂದಳು. ಹೊಸ್ತಿಲ ಹತ್ತಿರ ನಿಂತು ಒಳಗೆ ಇಣುಕಿ, ತಿರುಗಿ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಸೆರಗಿನಿಂದ ಗಂಟು ಬಿಚ್ಚಿ ತಾನೇ ತಂದ ರೊಟ್ಟಿ ತೆಗೆದಳು.

"ಇದೇನ ಯಕ್ಕಾ?"

"ಮೂರ್ತಿಗೆ ಎಡಿ ಹಿಡಿದ ಅನ್ನ ನಾ ಉಣ್ಣಂಗಿಲ್ಲ. ನಿನ್ನ ಜಗಲಿ ಮ್ಯಾಲ ಒಂದು ಸಂತಿ ಮೂರ್ತಿ ಅದಾವು. ಈ ಮನ್ಯಾಗ ಹೆಂಗ ಉಣ್ಣಲಿ?"

"ಅದರಾಗ ಅರ್ಧ ನಿನ್ನವು."

"ಅವು ಈಗ ನನ್ನವಲ್ಲ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಾವು ಒಂದೇ ತಾಟಿನಲ್ಲಿ ಉಂಡು ಬೆಳೆದವರು. ಬಡತನ ಎಂದಲ್ಲ, ಮನೆಯಲ್ಲಿ ತಾಟು ಕಡಿಮೆ ಇದ್ದವು. ಈಗ ತಾಟು ಬೇಕಾದಷ್ಟಿವೆ, ಇವಳು ನನ್ನ ಬಾಗಿಲ ಮುಂದೆ ಕುಳಿತು ನನ್ನ ಮುಖ ನೋಡುತ್ತ ತನ್ನ ಒಣರೊಟ್ಟಿ ಕಡಿಯುತ್ತಾಳೆ. ಇವಳಿಗೆ ನನ್ನ ಮನೆಯಲ್ಲಿ ಮತ್ತೆ ಉಣಿಸದಿದ್ದರೆ ನಾನು ನಾನಲ್ಲ ಎಂದುಕೊಂಡೆ.

ಅದರ ನಂತರದ ಅಮಾವಾಸ್ಯೆಗೆ ಎಡೆ ಹಿಡಿಯದೆಯೇ ಅವಳ ಪಾಲು ಬೇರೆ ತೆಗೆದೆ. ನಮ್ಮ ಅಡುಗೆಮನೆ ಹಿಂದೆ, ಜಗಲಿ ನಡುವೆ, ಕಟ್ಟೆ ಮುಂದೆ. ತಾಟು ಕಟ್ಟೆಗೆ ಬರಬೇಕಾದರೆ ಜಗಲಿಯನ್ನು ದಾಟಬೇಕು.

"ದೇವರ ಮುಂದ ಹಾದು ಬಂತು," ಎಂದು ಅಕ್ಕ ತಾಟನ್ನು ಆಚೆ ಸರಿಸಿದಳು.

ಮರು ತಿಂಗಳು ತಾಟಿನ ಮೇಲೆ ಬಟ್ಟೆ ಮುಚ್ಚಿ ತಂದೆ.

"ಮುಚ್ಚಿದ್ರೇನಾತು? ವಾಸನಿ ಹೋಗಂಗಿಲ್ಲೇನು ಅವಕ್ಕ?"

"ಅಂದ್ರ ಅವಕ್ಕ ಮೂಗು ಐತಿ ಅಂತ ನೀ ನಂಬತಿ?"

ಅಕ್ಕ ಸ್ವಲ್ಪ ಹೊತ್ತು ಅಗಿಯುವುದನ್ನು ನಿಲ್ಲಿಸಿದಳು. "ನಿನಗ ತಿಳಿಯಂಗಿಲ್ಲ ಬಿಡು," ಎಂದು ಮತ್ತೆ ಅಗಿದಳು.

ಆಮೇಲೆ ಸೊಸೆಯ ಕೈಯಲ್ಲಿ ತಾಟು ಕೊಟ್ಟು, ಹಿತ್ತಲ ಬಾಗಿಲಿನಿಂದ ದನದ ಕೊಟ್ಟಿಗೆ ಸುತ್ತಿಕೊಂಡು ಮುಂದೆ ಬಾ ಎಂದೆ. ಕೊಟ್ಟಿಗೆಯಲ್ಲಿ ಎಮ್ಮೆ ಕುತ್ತಿಗೆ ಚಾಚಿ ಎರಡು ಹೋಳಿಗೆ ಎಳೆದುಕೊಂಡಿತು. ಎಡೆ ಹಿಡಿದದ್ದೋ ಹಿಡಿಯದ್ದೋ ಎಂದು ಕೇಳಲಿಲ್ಲ. ಸೊಸೆ ಖಾಲಿ ತಾಟು ತಂದು ನನ್ನ ಮುಂದೆ ಕುಕ್ಕಿದಳು.

"ಅತ್ತಿ, ಇಬ್ಬರೂ ಮುದುಕ್ಯಾರು ಕುಂತು ಒಂದು ಮಾತಿಗೆ ಬರ್ರಿ. ನನ್ನ ಕಾಲು ಶಗಣ್ಯಾಗ ಹೋತು."

ವಿಚಿತ್ರ ಏನೆಂದರೆ, ಕಟ್ಟೆಯ ಮೇಲೆ ಕುಳಿತ ಅಕ್ಕನ ಕಣ್ಣು ಯಾವಾಗಲೂ ಒಳಗಿನ ಜಗಲಿಯ ಮೇಲೆಯೇ. "ದೀಪದಾಗ ಎಣ್ಣಿ ತೀರೈತಿ ನೋಡು," ಅನ್ನುತ್ತಿದ್ದಳು. "ಆ ಬೆಳ್ಳಿ ಮುಖ ಕರ್ರಗಾಗೈತಿ, ಹುಣಸಿಹಣ್ಣು ಹಚ್ಚಿ ತಿಕ್ಕಬಾರದೇನು, ಮೈಗಳ್ಳಿ." ನಾನು ಬೆಳಗ್ಗೆ ದೀಪ ಹಚ್ಚಿ ಕೈ ಮುಗಿಯುವಾಗ ಮನಸ್ಸು ಒಲೆಯ ಮೇಲಿನ ಹಾಲಿನಲ್ಲಿರುತ್ತದೆ, ಅದು ಉಕ್ಕುವುದರೊಳಗೆ ದೇವರನ್ನು ಮುಗಿಸಬೇಕು. ಅಕ್ಕನಿಗೆ ಹಾಗಲ್ಲ. ಮೇಲಿನ ಓಣಿಯಲ್ಲಿ ಕುಳಿತುಕೊಂಡೇ ದಿನವಿಡೀ ನನ್ನ ಜಗಲಿಯನ್ನು ನೆನೆಯುತ್ತಿದ್ದಳು. ನಮ್ಮಿಬ್ಬರಲ್ಲಿ ದೊಡ್ಡ ಭಕ್ತೆ ಯಾರೆಂದು ದೇವರನ್ನು ಕೇಳಿದ್ದರೆ ನಾನು ಸೋಲುತ್ತಿದ್ದೆ.

ಕೊನೆಗೆ ನಾನೇ ಪಾಸ್ಟರನ್ನು ಹುಡುಕಿಕೊಂಡು ಹೋದೆ. ಎರಡು ಬೆಳೆಯ ನಡುವೆ ಕಾಲುವೆಗೆ ನೀರು ನಿಂತ ಕಾಲ. ಅವರೂ ನಮ್ಮಂತೆ ನೆಲ್ಲಿನ ಮಂದಿ, ತಮ್ಮ ತುಂಡು ಹೊಲದ ಬದುವಿನಲ್ಲಿ ನಿಂತು ಸಣ್ಣ ಕಾಲುವೆಯ ಹೂಳು ತೆಗೆಸುತ್ತಿದ್ದರು.

"ನಿಮ್ಮ ದೇವರು ನಮ್ಮಕ್ಕನ ಊಟ ಯಾಕ ಬಿಡಿಸ್ಯಾನ್ರಿ?" ಎಂದು ಕೇಳಿದೆ.

ಅವರ ಕನ್ನಡದಲ್ಲಿ ಅರ್ಧ ತೆಲುಗು. "ಕಾದಮ್ಮಾ, ಅಲ್ಲಮ್ಮಾ," ಎಂದರು, "ನಾನು ಹಂಗ ಹೇಳಿಲ್ಲ."

"ಕರುವಿನ ಕಥಿ ಹೇಳಿದವರು ನೀವು. ಆಕಿ ದೇವರನ್ನೆಲ್ಲ ನನ್ನ ಮನಿಗೆ ತಂದು ಸುರುವಿ, ಈಗ ನಿನ್ನ ಮನಿ ಕೆಟ್ಟೈತಿ ಅಂತಾಳ."

ಅವರು ಗುದ್ದಲಿಯ ಕಾವಿನ ಮೇಲೆ ಗದ್ದ ಊರಿ ನಿಂತರು. "ಅಮ್ಮಾ, ಆ ಹಿರಿಯ ಕರುವನ್ನ ಪುಡಿ ಮಾಡಿ ಅವರಿಗೇ ಯಾಕ ಕುಡಿಸಿದ, ಹೇಳ್ರಿ. ಮರಳಿನಾಗ ಹೂಳಬಹುದಿತ್ತು."

"ಸಿಟ್ಟಿನಾಗ ಕುಡಿಸಿರಬೇಕು."

"ಅದು ಎಲ್ಲಿಂದ ಬಂದಿತ್ತೋ ಅಲ್ಲಿಗೇ ಕಳಿಸಿದ. ಕಿವಿ ಬಂಗಾರ ಬಿಚ್ಚೂಕಿಂತ ಮೊದಲೇ ಕರು ಅವರ ಹೊಟ್ಟಿಯೊಳಗ ನಿಂತಿತ್ತು. ಬೆಂಕಿಯೊಳಗ ಬರೀ ಮೈ ಬಂತು ಅದಕ್ಕ. ಇದು ನಿಮ್ಮದೇ, ನಿಮ್ಮೊಳಗೇ ನೋಡಿಕೊಳ್ರಿ ಅಂತ ಕುಡಿಸಿದ." ಆಮೇಲೆ ಕಾಲುವೆ ತೋರಿಸಿದರು. "ಮನಸ್ಸು ಇದರ ಹಂಗ. ಹರಿಯೋ ತನಕ ಬರೀ ನೀರು. ಎಲ್ಲಿ ನಿಂತೀತೋ ಅಲ್ಲಿ ಹೂಳು ಕೂಡತೈತಿ. ಹೂಳು ಗಟ್ಟಿಯಾತು ಅಂದ್ರ, ನೀರು ಅದನ್ನೇ ಸುತ್ತಿಕೊಂಡು ಹೋಗತೈತಿ. ಅದಮ್ಮಾ ಮೂರ್ತಿ. ಬೆಳ್ಳಿ ಹಿತ್ತಾಳಿ ಏನು ಮಾಡ್ಯಾವು ಪಾಪ, ಇಟ್ಟಲ್ಲಿ ಇರತಾವು."

ನನಗೆ ಮಾತು ಹಿಡಿಸಿತು. ಹೂಳು ಎಂದರೇನೆಂದು ಕಾಲುವೆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಇದನ್ನೇ ನಮ್ಮಕ್ಕಗ ಹೇಳ್ರಿ," ಎಂದು ಬಂದೆ.

ಹೇಳಬಾರದಿತ್ತು. ಆ ಭಾನುವಾರ ಅವರು ಹಾಗೆಯೇ ಹೇಳಿದರು, ಸೋಮವಾರದಿಂದ ಊರಿನಲ್ಲಿ ಯಾರಿಗೂ ನೆಮ್ಮದಿ ಇಲ್ಲದಂತಾಯಿತು. ಮೊದಲು ಅಕ್ಕನ ತಕರಾರು ಮನೆಯ ಜಗಲಿಗಳ ಮೇಲೆ ಮಾತ್ರ ಇತ್ತು. ಈಗ ಮಂದಿಯ ತಲೆಗಳೆಲ್ಲ ಜಗಲಿಯಾದವು. ಕಾಲುವೆಗೆ ನೀರು ಬಂದ ಮೇಲೆ ನಾಟಿಯ ಸಾಲಿನಲ್ಲಿ ಬಗ್ಗಿಕೊಂಡೇ ಒಬ್ಬೊಬ್ಬರ ಒಳಗೆ ಇಣುಕತೊಡಗಿದಳು.

"ನಿನ್ನ ಮೂರ್ತಿ ನಿನ್ನ ಮೂಗುತಿ. ಕೆಸರಿನಾಗೂ ಮುಟ್ಟಿ ಮುಟ್ಟಿ ನೋಡಕೊಂತಿ."

"ನಿನ್ನ ಮೂರ್ತಿ ನಿನ್ನ ಮಗ. ಬಸ್ಸಿನ ಕಂಡಕ್ಟರ್ ಆದಾಗಿಂದ ಅವನ ಮಾತು ಬಿಟ್ಟು ಬ್ಯಾರೆ ಮಾತಿಲ್ಲ."

"ನನ್ನ ಮಗನ ಸುದ್ದಿಗೆ ಬರಬ್ಯಾಡ," ಎಂದಳು ಕಂಡಕ್ಟರನ ತಾಯಿ.

"ನೋಡು, ನೋವಾತು. ನೋವಾತು ಅಂದ್ರ ಅದೇ ಮೂರ್ತಿ."

ಸಾಲು ನಿಂತೇಹೋಯಿತು. ಯಜಮಾನಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ನಿನ್ನೊಳಗ ಯಾವುದು ಕುಂತೈತಿ, ಅದನ್ನ ಹೇಳು."

"ನನ್ನ ಮನಸ್ಸು ಸ್ವಚ್ಛ ಐತಿ."

"ಹಂಗಾದ್ರ ಸಸಿ ಸೀದಾ ಹಚ್ಚು. ನಿನ್ನ ಸಾಲು ಹಾವು ಹರಿದಂಗ ಆಗೈತಿ."

ಅಕ್ಕ ನನ್ನನ್ನೂ ಬಿಡಲಿಲ್ಲ. "ನಿನ್ನೊಳಗೂ ಒಂದು ಐತಿ," ಎಂದು ಕಟ್ಟೆಯ ಮೇಲಿನಿಂದಲೇ ಹೇಳಿ ಹೋದಳು. ನಾನು ಹಟಕ್ಕೆ ಬಿದ್ದು ಒಂದು ಮಧ್ಯಾಹ್ನ ಶೇಂಗಾ ಸುಲಿಯುತ್ತ ಕಣ್ಣು ಮುಚ್ಚಿ ನೋಡಿಕೊಂಡೆ. ಮನೆದೇವರು ಬರಲಿಲ್ಲ. ಗಂಡನನ್ನು ನೆನೆದೆ, ಆತನೂ ಬರಲಿಲ್ಲ. ಬದುಕಿದ್ದಾಗಲೂ ಕರೆದರೆ ಬರುತ್ತಿದ್ದವನಲ್ಲ. ಮಕ್ಕಳು, ಎಮ್ಮೆ, ಟಿವಿಯ ಧಾರಾವಾಹಿ ಎಲ್ಲ ಬಂದು ಬಂದು ಹೋದವು. ಒಂದು ಮಾತ್ರ ಅಲ್ಲಾಡಲಿಲ್ಲ. ಕಟ್ಟೆಯ ಮೇಲೆ ಕುಳಿತು ಒಣರೊಟ್ಟಿ ಅಗಿಯುತ್ತಿರುವ ಅಕ್ಕ. ಅವಳ ದವಡೆ ಆಡುವುದು ಕೂಡ ಕಾಣಿಸಿತು. ಎಷ್ಟು ನೂಕಿದರೂ ಏಳಲಿಲ್ಲ. ಮುಂದಿನ ಅಮಾವಾಸ್ಯೆಗೆ ಏನು ಮಾಡಲಿ, ಯಾವ ಬಾಗಿಲಿನಿಂದ ತಾಟು ತರಲಿ, ಏನು ಹೇಳಿದರೆ ಉಂಡಾಳು, ನನ್ನ ಯೋಚನೆಯೆಲ್ಲ ಅವಳನ್ನೇ ಸುತ್ತಿಕೊಂಡು ಹೋಗುತ್ತಿತ್ತು. ಶೇಂಗಾ ಸುಲಿದು ಕಾಳನ್ನು ಆಚೆ ಒಗೆದು ಸಿಪ್ಪೆಯನ್ನು ಬುಟ್ಟಿಗೆ ಹಾಕಿಕೊಂಡಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅವತ್ತು ಅಕ್ಕ ಒಬ್ಬಳೇ ಬರಲಿಲ್ಲ, ಪಾಸ್ಟರನ್ನೂ ಕರೆದುಕೊಂಡು ಬಂದಳು. ನನ್ನ ಒಳಗನ್ನು ಅವರ ಕೈಯಲ್ಲಿ ತೋರಿಸಿಬಿಡಬೇಕೆಂದು ಅವಳ ಲೆಕ್ಕ. ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಪಾಸ್ಟರಿಗೆ ಸಕ್ಕರೆ ಕಾಯಿಲೆ, ಸಪ್ಪೆ ಚಹಾ ಕೊಟ್ಟೆ. ಅಕ್ಕನ ಮುಂದೆ ಹೋಳಿಗೆಯ ತಾಟು ಇಟ್ಟೆ. ಅವಳು ಅದರ ಕಡೆ ನೋಡಲಿಲ್ಲ.

"ಕೇಳ್ರಿ ಪಾಸ್ಟರ್ರ, ಈಕಿ ಮನಸಿನಾಗ ಏನು ಕುಂತೈತಿ ಅಂತ ಕೇಳ್ರಿ."

ಪಾಸ್ಟರು ಮುಜುಗರದಿಂದಲೇ ಕೇಳಿದರು. "ಅಮ್ಮಾ, ಮುಂಜಾನೆ ಎದ್ದ ಕೂಡಲೇ ನಿಮಗ ಏನು ನೆನಪಾಗತೈತಿ?"

"ಈಕಿ," ಎಂದೆ.

"ಯಾರು?"

"ಇಲ್ಲೇ ಕುಂತಾಳಲ್ರಿ, ಇವಳೇ. ಮಲಗುವಾಗಲೂ ಇವಳೇ. ನಿಮ್ಮ ಹೂಳು ಅಂತೀರಲ್ಲ, ಅದು ನನಗ ಈಕಿ."

ಅಕ್ಕ ಬಾಯಿ ತೆರೆದಳು. ನಾನು ಬಿಡಲಿಲ್ಲ.

"ಮೊದಲ ಹೋಳಿಗಿ ಈಕಿ ಹೆಸರಿಲೆ ತಗದಿಡತೀನಿ. ತುಪ್ಪ ಹಾಕಿ ತಂದು ಮುಂದ ಇಡತೀನಿ. ಈಕಿ ಮುಟ್ಟಂಗಿಲ್ಲ. ಒಂದೀಟು ಹೊತ್ತು ಬಿಟ್ಟು ಒಳಗ ತಗೊಂಡು ಹೋಗಿ ನಾವು ಉಣತೀವಿ. ಪ್ರತಿ ಅಮಾವಾಸ್ಯಿಗೂ ಹಿಂಗ."

"ಇದು ನೈವೇದ್ಯ," ಎಂದರು ಪಾಸ್ಟರು, ಬಹಳ ಮೆಲ್ಲಗೆ.

"ಮತ್ತೇನ್ರಿ. ಜಗಲಿ ಮ್ಯಾಲಿನವಕ್ಕೂ ಬಾಯಿ ಐತಿ, ಉಣ್ಣಂಗಿಲ್ಲ. ಕಿವಿ ಐತಿ, ಹೇಳಿದ್ದು ಕೇಳಂಗಿಲ್ಲ. ಈಕಿಗೂ ಅವಕ್ಕೂ ಏನು ಫರಕು? ಅವು ಬೈಯಂಗಿಲ್ಲ, ಅಷ್ಟೇ."

"ನಾ ಮೂರ್ತಿ ಅಲ್ಲ," ಎಂದಳು ಅಕ್ಕ. ಅವಳ ಮುಖದಲ್ಲಿ ಅಂಥ ಗಾಬರಿಯನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ. "ಪಾಸ್ಟರ್ರ, ಹೇಳ್ರಿ. ನಾ ಮೂರ್ತಿ ಅಲ್ಲ."

ಪಾಸ್ಟರು ಚಹಾದ ಲೋಟದೊಳಗೆ ನೋಡುತ್ತ ಹೇಳಿದರು. "ನೀವು ಆಗಿಲ್ಲಮ್ಮಾ. ಆದ್ರ ಅವರ ಮನಸಿನಾಗ ಕುಂತುಬಿಟ್ಟೀರಿ. ಅಲ್ಲಿಂದ ಏಳಬೇಕು."

"ಹೆಂಗ ಏಳಲಿ?"

ಅವರು ತಾಟಿನ ಕಡೆ ನೋಡಿದರು. ನಾನೂ ನೋಡಿದೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ಸೊಸೆ, "ದೊಡ್ಡತ್ತಿ, ಆರಿ ಹೊಂಟಾವು," ಎಂದಳು.

ಅಕ್ಕ ತಾಟು ಹತ್ತಿರ ಎಳೆದುಕೊಂಡಳು. ಹೋಳಿಗೆಯನ್ನು ಎರಡು ತುಂಡು ಮಾಡಿ, ಯಾರ ಮೇಲೋ ಸೇಡು ತೀರಿಸಿಕೊಳ್ಳುವಂತೆ ಬಾಯಿಗೆ ಹಾಕಿಕೊಂಡಳು. ಅದು ನಮ್ಮ ಜಗಲಿಯ ಮುಂದೆಯೇ ಹಾದು ಬಂದ ಹೋಳಿಗೆ. ಅವತ್ತು ನಾನು ಬಟ್ಟೆಯನ್ನೂ ಮುಚ್ಚಿರಲಿಲ್ಲ.

"ನಿನ್ನ ಮನಸಿನ ಸಲುವಾಗಿ ಉಣ್ಣಾಕತ್ತೀನಿ," ಎಂದಳು ತುಂಬಿದ ಬಾಯಲ್ಲಿ. "ಹೋಳಿಗಿ ಸಲುವಾಗಿ ಅಲ್ಲ."

"ತಿಳೀತು ಬಿಡು. ಇನ್ನೊಂದು ಹಾಕಲೇನು?"

"ಹಾಕು. ನಿನ್ನ ಮನಸಿನಾಗಿನ ಮೂರ್ತಿ ಗಟ್ಟಿ ಐತಿ. ಒಂದಕ್ಕ ಒಡಿಯಂಗಿಲ್ಲ."

ಪಾಸ್ಟರು ಎದ್ದು ಮೊಪೆಡ್ಡಿನ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಈ ಸಲ ಬೆವರಲ್ಲ, ನಗು, ಭುಜ ಕುಣಿಯುತ್ತಿದ್ದವು.

ಅಂದಿನಿಂದ ಅಕ್ಕ ತಪ್ಪದೆ ಬರುತ್ತಾಳೆ. ಭಾನುವಾರ ಪ್ರಾರ್ಥನೆಗೆ ಹೋಗುತ್ತಾಳೆ, ಅಮಾವಾಸ್ಯೆಗೆ ನನ್ನ ಮೂರ್ತಿ ಒಡೆಯಲು ಬಂದು ಕೂಡುತ್ತಾಳೆ. ಉಂಡು ಕೈ ತೊಳೆದು, "ಒಡೀತೇನು?" ಎಂದು ಕೇಳುತ್ತಾಳೆ. "ಇನ್ನೂ ಒಂದೀಟು ಉಳದೈತಿ," ಅನ್ನುತ್ತೇನೆ. ಉಳಿದಿದೆಯೋ ಇಲ್ಲವೋ ನಾನು ನೋಡಿಕೊಳ್ಳಲು ಹೋಗಿಲ್ಲ. ಒಡೆಯಿತು ಎಂದುಬಿಟ್ಟರೆ ಬರುವುದನ್ನು ಬಿಟ್ಟಾಳು.